ಅಳಿಯನ ಪಾಲಿನ ಆಕಾಶ

ಜೂನ್ 3, ಮಂಗಳವಾರ

ಕೊನೆಗೂ ಒಬ್ಬ ಪ್ರಕಾಶಕನಿಗೆ ನನ್ನ ಇಂಗ್ಲಿಷ್ ಎಂ.ಎ. ನೆನಪಾಯಿತು. ಪದ್ದು ಕಾಲೇಜಿನಲ್ಲಿ ನನ್ನ ಜೊತೆಗಿದ್ದವನು, ಈಗ ಬ್ರಹ್ಮಾವರದಲ್ಲಿ ಪ್ರಕಾಶನ ನಡೆಸುತ್ತಾನೆ. ಬೆಳಿಗ್ಗೆ ಫೋನ್ ಮಾಡಿ ಕೂಡಲೇ ಬಾ ಎಂದ. ತ್ರಾಸಿಯಿಂದ ಬೈಕಿನಲ್ಲಿ ಮಳೆಗೆ ನೆನೆಯುತ್ತಾ ಹೋದೆ. ಸಾಸ್ತಾನದ ಟೋಲ್‌ನಲ್ಲಿ ಬೈಕಿಗೆ ಹಣವಿಲ್ಲ. ಸಾಹಿತಿಗೆ ಸರಕಾರ ಕೊಡುವ ಸವಲತ್ತು ಇದೊಂದೇ ಇರಬೇಕು.

ಪದ್ದು ಒಂದು ದಪ್ಪ ಕಟ್ಟನ್ನು ಮೇಜಿನ ಮೇಲೆ ಇಟ್ಟ. ಮೂರು ಸಂಪುಟಗಳ ವಿದೇಶಿ ಕಾದಂಬರಿಯಂತೆ. ಆಕಾಶದಲ್ಲಿ ಹಡಗುಗಳು, ಹಡಗುಗಳಲ್ಲಿ ಒಂದು ರಾಜಮನೆತನ, ರಾಜಮನೆತನದಲ್ಲಿ ಜಗಳ. ಮೊದಲ ಸಂಪುಟವನ್ನು ಮೈಸೂರಿನ ಒಬ್ಬ ನಿವೃತ್ತ ಪ್ರೊಫೆಸರು ಮಾಡಿಕೊಟ್ಟಾಗಿದೆ. ಮೂರನೆಯದು ಬೈಂದೂರಿನ ಉಪನ್ಯಾಸಕಿ ದೀಕ್ಷಿತಾ ಎಂಬವರ ಕೈಯಲ್ಲಿದೆ. ನಡುವಿನದು ನನಗೆ.

“ಒಂದ್ನೇದ್ ಓದ್ದೆ ನಡುವಿಂದ್ ಮಾಡುದ್ ಹ್ಯಾಂಗೆ ಮರಾಯಾ?” ಎಂದು ಕೇಳಿದೆ.

“ಒಂದ್ನೇದ್ರಂಗೆ ಎಂತ ಇಲ್ಲೆ. ಹಡ್ಗ್ ಹೊರಡ್ತ್, ಅಷ್ಟೇ. ನಿನ್ನ ಪುಸ್ತ್ಕದ ಸುರುವಿಗೇ ಹಿಂದಿನ ಕತಿ ಅರ್ಧ ಪುಟ ಇತ್. ಅದ್ ಸಾಕ್ ನಿಂಗೆ.”

ಸಾಕಂತೆ. ಇರಲಿ. ಮುಖಪುಟದಲ್ಲಿ ‘ಕನ್ನಡಕ್ಕೆ: ಅಶೋಕ್’ ಎಂದು ಬರುತ್ತದಲ್ಲ.

ಸಮಯವೂ ಕೂಡಿ ಬಂದಿದೆ. ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟುಗಳೆಲ್ಲ ದಡದಲ್ಲಿವೆ. ಬೋಟಿಲ್ಲದಿದ್ದರೆ ಐಸ್ ಯಾರಿಗೆ ಬೇಕು? ಮಾವನ ಐಸ್ ಪ್ಲಾಂಟ್ ಜುಲೈ ಕೊನೆಯ ತನಕ ಬಂದ್. ಎಂ.ಎ. ಮುಗಿಸಿ ಉಪನ್ಯಾಸಕನ ಕೆಲಸಕ್ಕೆ ಕಾಯುತ್ತಾ ‘ಸ್ವಲ್ಪ ದಿನ’ ಎಂದು ಆ ಪ್ಲಾಂಟಿಗೆ ಹೋದವನು ನಾನು. ತಲೆಯ ಮುಂದಿನ ಕೂದಲು ಅಲ್ಲಿಯೇ ಹೋಯಿತು.

ಜೂನ್ 7, ಶನಿವಾರ

ಮಾವ ಮನೆಗೆ ಬಂದಿದ್ದರು. ಗೋವರ್ಧನ ಮಾವ ನನ್ನ ಅಮ್ಮನ ತಮ್ಮ, ಅಮ್ಮನ ಕೈಯ ಮೀನು ಸಾರು ಉಂಡರೇ ಅವರಿಗೆ ಊಟ. ಕೈ ತೊಳೆದವರು ಹೇಳಿದರು: “ಇನ್ನ್ ನನ್ನ ಕೈಯಂಗ್ ಆತಿಲ್ಲೆ ಅಕ್ಕ. ಈ ಸರ್ತಿ ಸ್ವಿಚ್ ಒತ್ತುದ್ ನಾನಲ್ಲ.”

ಪ್ರತಿ ವರ್ಷ ನಿಷೇಧ ಮುಗಿಯುವ ಹೊತ್ತಿಗೆ ಪ್ಲಾಂಟಿನಲ್ಲಿ ಪೂಜೆ ಮಾಡಿ ಮಾವ ಕಂಪ್ರೆಸರಿನ ಸ್ವಿಚ್ ಒತ್ತುತ್ತಾರೆ. ಒತ್ತಿದವನೇ ಯಜಮಾನ, ಅದಕ್ಕೆ ಬೇರೆ ಪಟ್ಟಾಭಿಷೇಕವಿಲ್ಲ.

“ಮತ್ ಯಾರ್ ಒತ್ತುದ್?” ಎಂದು ಅಮ್ಮ ಕೇಳಿದರು.

“ಆ ದಿನ ಹೇಳ್ತೆ.”

ಇದರಲ್ಲಿ ಹೇಳುವುದಕ್ಕೇನಿದೆ? ನಮ್ಮದು ಅಳಿಯ ಕಟ್ಟು. ಮಾವನ ನಂತರ ಅಕ್ಕನ ಮಗ. ಕಾನೂನು ಬದಲಾಗಿ ಕಾಲವಾಯಿತು, ಈಗ ಎಲ್ಲರೂ ಮಕ್ಕಳಿಗೇ ಕೊಡುತ್ತಾರೆ ಎಂಬುದು ನನಗೂ ಗೊತ್ತು. ಆದರೆ ಮಾವನ ಮಗ ದರ್ಶನ್ ಇಷ್ಟು ವರ್ಷ ಮುಂಬೈಯ ಹೋಟೆಲಿನಲ್ಲಿದ್ದು ಸರಿಯಾಗಿ ಈ ತಿಂಗಳೇ ಊರಿಗೆ ಬಂದಿಳಿದಿದ್ದಾನೆ. ಬಂದವನು ಹಂಚಿಕಡ್ಡಿಯ ಪೊರಕೆ ಹಿಡಿದು ಪ್ಲಾಂಟಿನ ಗೋಡೆ ಗುಡಿಸುತ್ತಾನೆ. ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ!

ನನಗೇನೂ ಪ್ಲಾಂಟಿನ ಮೇಲೆ ಆಸೆಯಿಲ್ಲ. ನ್ಯಾಯದ ಪ್ರಶ್ನೆ, ಅಷ್ಟೆ.

ಜೂನ್ 9, ಸೋಮವಾರ

‘ಹಿಂದಿನ ಕತೆ’ಯ ಅರ್ಧ ಪುಟ ಓದಿದೆ. ಕೂಡಲೇ ಇನ್ನೊಮ್ಮೆ ಓದಿದೆ.

ಒಬ್ಬ ಚಕ್ರವರ್ತಿ. ವಯಸ್ಸಾಗಿದೆ. ಅವನಿಗೆ ರಾಜಧಾನಿಯಲ್ಲಿ ಸುಖವಾಗಿ ಬೆಳೆದ ತಾಮಿರ್ ಎಂಬ ಮಗ, ಇಲ್ಕಾ ಎಂಬ ಮಗಳು. ಮತ್ತು ಅಕ್ಕನ ಮಗ ವೆಸ್ರೋ. ನಕ್ಷತ್ರಲೋಕದ ಅಂಚಿನ ಒಂದು ಠಾಣೆಯನ್ನು ವರ್ಷಗಟ್ಟಲೆ ಒಬ್ಬನೇ ನೋಡಿಕೊಂಡವನು. ಮಾವನ ನಂತರ ಸಿಂಹಾಸನ ಮಗನಿಗೆ ಎಂದು ತಿಳಿದ ದಿನ ಅವನು ಹಡಗುಗಳನ್ನು ಕಟ್ಟಿಕೊಂಡು ರಾಜಧಾನಿಗೆ ಹೊರಟಿದ್ದಾನೆ.

ಎಲ್ಲಿಯ ಲೇಖಕ, ಎಲ್ಲಿಯ ತ್ರಾಸಿ! ಕಥಾನಾಯಕ ಯಾರು ಎನ್ನುವುದಕ್ಕೆ ಮೊದಲ ಸಂಪುಟ ಬೇಕೆ?

ಮೂಲದಲ್ಲಿ ಆ ಠಾಣೆಯನ್ನು ‘ಸರಬರಾಜು ನಿಲ್ದಾಣ’ ಎಂದಿದ್ದಾರೆ. ಒಣ ಶಬ್ದ. ಆಕಾಶದಲ್ಲಿ ಚಳಿ ತಾನೆ? ನಾನು ‘ಐಸಿನ ಠಾಣೆ’ ಎಂದು ಬರೆದೆ. ಅರ್ಥಕ್ಕೆ ಏನೂ ಬಾಧೆಯಿಲ್ಲ.

ಜೂನ್ 16, ಸೋಮವಾರ

ಕೆಲಸ ಭರದಿಂದ ಸಾಗಿದೆ. ಲೇಖಕರು ಬುದ್ಧಿವಂತರು, ಆದರೆ ಪಾಪ, ಅವರಿಗೆ ಅಳಿಯ ಕಟ್ಟು ಗೊತ್ತಿಲ್ಲ. ಹಾಗಾಗಿ ವೆಸ್ರೋನ ಮೇಲೆ ಅಲ್ಲಲ್ಲಿ ಅನ್ಯಾಯ ಮಾಡಿದ್ದಾರೆ. ಅವನು ನಕ್ಕಲ್ಲೆಲ್ಲ ‘ತಣ್ಣನೆಯ ನಗು’ ಎಂದಿದೆ. ಐಸಿನ ಕೆಲಸ ಮಾಡುವವನ ನಗು ಮತ್ತೆ ಹೇಗಿರಬೇಕು? ‘ತಿಳಿಯಾದ ನಗು’ ಎಂದು ಮಾಡಿದೆ.

ಚಕ್ರವರ್ತಿಯ ಮಗಳು ಇಲ್ಕಾ ಯುದ್ಧನೌಕೆಯ ನಾಯಕಿ. ವೆಸ್ರೋ ಎದುರು ಬಂದಾಗಲೆಲ್ಲ ಖಡ್ಗ ಹಿರಿಯುತ್ತಾಳೆ, ಕೆಂಪಾಗುತ್ತಾಳೆ. ಕೋಪವಂತೆ. ಮಾವನ ಮಗಳು ಸೋದರತ್ತೆಯ ಮಗನನ್ನು ಕಂಡು ಕೆಂಪಾದರೆ ನಮ್ಮ ಊರಿನಲ್ಲಿ ಅದಕ್ಕೆ ಕೋಪ ಎನ್ನುತ್ತಾರೆಯೆ? ಆ ಪುಟಗಳನ್ನು ಸ್ವಲ್ಪ ಮೃದುವಾಗಿ ಅನುವಾದಿಸಿದ್ದೇನೆ.

ಮಗ ತಾಮಿರ್ ಮಾತ್ರ ನನ್ನ ಕನ್ನಡದಲ್ಲಿ ಯಾಕೋ ಮುಂಬೈಯಿಂದ ಬಂದವನ ಹಾಗೆ ಮಾತಾಡುತ್ತಾನೆ. ‘ಸರಿ’ ಎನ್ನುವ ಬದಲು ‘ಬರೋಬರ್’ ಎನ್ನುತ್ತಾನೆ. ಅದೇ ಸರಿ ಹೊಂದಿತು, ಬಿಟ್ಟೆ.

ಜೂನ್ 27, ಶುಕ್ರವಾರ

ದರ್ಶನ್ ಪ್ಲಾಂಟಿನ ಸೋರುವ ಮಾಡಿನ ಹಳೆಯ ಛಾವಣಿ ಶೀಟುಗಳನ್ನು ತೆಗೆಸುತ್ತಿದ್ದಾನೆ, ಈ ಮಳೆಯಲ್ಲಿ! ಹೊಸ ಶೀಟು ಹಾಕಿಸುತ್ತಾನಂತೆ. ಸೀಸನ್ ಶುರುವಾದ ಮೇಲೆ ಪ್ಲಾಂಟ್ ನಿಲ್ಲಿಸುವ ಹಾಗಿಲ್ಲ, ಮಾಡಿಸುವುದಿದ್ದರೆ ಈಗಲೇ ಎಂದು ಅವನ ವಾದ. ಬೆಳಿಗ್ಗೆ ಹೋಗಿ ನೋಡಿದೆ. ಮೇಲೆ ಕಟ್ಟಿದ್ದ ಟಾರ್ಪಾಲು ಗಾಳಿಗೆ ಹಾರಿ ತೆಂಗಿನ ಮರದಲ್ಲಿ ನೇತಾಡುತ್ತಿತ್ತು. ಮಳೆ ನೇರವಾಗಿ ದೊಡ್ಡ ಟ್ಯಾಂಕಿಗೇ ಬೀಳುತ್ತಿತ್ತು.

ಆ ಟ್ಯಾಂಕೇ ಪ್ಲಾಂಟಿನ ಹೊಟ್ಟೆ. ಅದರ ತುಂಬ ಗಾಢವಾದ ಉಪ್ಪುನೀರು. ಆ ಉಪ್ಪುನೀರು ಎಷ್ಟು ತಣ್ಣಗಾದರೂ ಗಟ್ಟಿಯಾಗದೆ, ಅದರಲ್ಲಿ ಮುಳುಗಿಸಿಟ್ಟ ಡಬ್ಬಗಳೊಳಗಿನ ಸಿಹಿನೀರನ್ನು ಐಸ್ ಮಾಡುತ್ತದೆ. ಮಳೆನೀರು ಸೇರಿ ಉಪ್ಪು ತೆಳುವಾದರೆ ಕತೆ ಮುಗಿಯಿತು. ಉಪ್ಪುನೀರೇ ಪೈಪಿನ ಸುತ್ತ ಹೆಪ್ಪುಗಟ್ಟಿ ಕೂರುತ್ತದೆ, ಡಬ್ಬದ ನೀರು ನೀರಾಗಿಯೇ ಇರುತ್ತದೆ.

ಕೆಲಸ ಅವನು ಹಿಡಿದದ್ದು, ಅವನಿಗೆ ಗೊತ್ತಿರಬಹುದು ಎಂದುಕೊಂಡು ಮನೆಗೆ ಬಂದೆ.

ಜುಲೈ 4, ಶುಕ್ರವಾರ

ಇಂದು ಇಡೀ ದಿನ ಒಂದೇ ಪುಟ.

ಚಕ್ರವರ್ತಿ ಕಾಯಿಲೆ ಬಿದ್ದು ತನ್ನ ಕೋಣೆಯಲ್ಲಿ ಮಲಗಿದ್ದಾನೆ. ಹಡಗಿನಲ್ಲಿ ಪ್ರತಿ ಕೋಣೆಗೂ ಉಸಿರಾಡುವ ಗಾಳಿಯನ್ನು ಕೊಳವೆಯಲ್ಲಿ ಬಿಡಬೇಕು. ವೆಸ್ರೋ ಮಾತುಕತೆಗೆಂದು ಬಂದವನು ಹೊರಗೆ ನಿಂತು ಮಾವನ ಕೋಣೆಯ ತಿರುಪನ್ನು ತಿರುಗಿಸಿ ಗಾಳಿಯನ್ನು ನಿಲ್ಲಿಸುತ್ತಾನೆ, ನಿಂತು ನೋಡುತ್ತಾನೆ. ಚಕ್ರವರ್ತಿ ಸಾಯುವುದಿಲ್ಲ. ಯಾರೋ ಬಂದು ಬದುಕಿಸುತ್ತಾರೆ. ಆದರೆ ಲೇಖಕರಿಗೆ ಇದು ಯಾಕೆ ಬೇಕಿತ್ತೋ!

ತುಂಬ ಯೋಚಿಸಿದೆ. ಅಷ್ಟು ದುಡಿದವನು ಹೀಗೆ ಮಾಡುತ್ತಾನೆಯೆ? ಕೊನೆಗೆ ಹೊಳೆಯಿತು. ಶೀತದ ಗಾಳಿ! ‘ಮಾವನಿಗೆ ಶೀತವಾದೀತೆಂದು ಅಳಿಯ ಗಾಳಿಯನ್ನು ಕೊಂಚ ಕಡಿಮೆ ಮಾಡಿದ’ ಎಂದು ಬರೆದೆ. ಅನುವಾದವೆಂದರೆ ಶಬ್ದವನ್ನಲ್ಲ, ಒಳಗಿನ ಮನಸ್ಸನ್ನು ತರುವುದು.

ಜುಲೈ 12, ಶನಿವಾರ

ಸಂಜೆ ದರ್ಶನ್ ಮನೆಗೆ ಬಂದ. ಅಮ್ಮ ಚಾ ಕೊಟ್ಟು ಅಲ್ಲೇ ಕಂಬಕ್ಕೆ ಒರಗಿ ಕೂತರು.

“ಭಾವ, ಸುರು ಮಾಡುಕ್ ಮೊದ್ಲ್ ಎಂತೆಲ್ಲ ಕಾಣ್ಕ್? ನಂಗೆ ಎಂತದೂ ಗೊತ್ತಿಲ್ಲೆ. ನೀವ್ ಹೇಳ್ನಿ” ಎಂದ.

ಮೋಟರಿನ ಬೆಲ್ಟ್ ನೋಡು ಎಂದೆ. ಗ್ಯಾಸಿನ ವಾಲ್ವುಗಳ ವಾಷರು ಬದಲಿಸು, ಡಬ್ಬಗಳ ತೂತು ಬೆಸೆಸು, ಬಾವಿಯ ಪಂಪು ಒಮ್ಮೆ ಓಡಿಸಿ ನೋಡು. ಅವನು ಮೊಬೈಲಿನಲ್ಲಿ ಎಲ್ಲ ಬರೆದುಕೊಂಡ. “ಟ್ಯಾಂಕ್?” ಎಂದ. ಮುಚ್ಚಿಗೆಯ ಹಲಗೆ ಕುಂಬಾಗಿ ಪುಡಿಯಾಗುತ್ತಿದ್ದರೆ ಬದಲಿಸು ಎಂದೆ. ಸರಿಯಾಗಿಯೇ ಹೇಳಿದೆ. ಹಲಗೆ ನಿಜಕ್ಕೂ ಕುಂಬಾಗಿದೆ.

ಅವನು ಹೋದ ಮೇಲೆ ಅಮ್ಮ, “ಎಲ್ಲ ಹೇಳ್ದ್ಯಾ ಮಗಾ?” ಎಂದರು.

“ಕೇಂಡದ್ದಕ್ಕೆಲ್ಲ ಹೇಳ್ದೆ.”

ಅಮ್ಮ ಚಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಜುಲೈ 19, ಶನಿವಾರ

ಮೂರನೇ ಸಂಪುಟದ ದೀಕ್ಷಿತಾ ಫೋನ್ ಮಾಡಿದ್ದರು. ನನ್ನ ಅಧ್ಯಾಯಗಳನ್ನು ಪದ್ದು ಅವರಿಗೆ ಕಳಿಸಿದ್ದಾನೆ. ಮೊದಲು ಬಹಳ ಪುಸ್ತಕದ ಕನ್ನಡದಲ್ಲಿ, “ತಮ್ಮ ಅನುವಾದ ಸರಾಗವಾಗಿದೆ” ಎಂದರು. ನನಗೆ ಖುಷಿಯಾಯಿತು. ಖುಷಿ ಮುಗಿಯುವುದರೊಳಗೆ, “ಆದರೆ ತಾವು ಯಾವ ಕಾದಂಬರಿಯನ್ನು ಅನುವಾದಿಸುತ್ತಿದ್ದೀರಿ?” ಎಂದು ಕೇಳಿದರು.

ವೆಸ್ರೋ ಖಳನಾಯಕನಂತೆ. ಮೊದಲ ಸಂಪುಟದಲ್ಲೇ ಎರಡು ಗ್ರಹಗಳನ್ನು ಸುಟ್ಟಿದ್ದಾನಂತೆ. ಪದ್ದುವಿನ ಪ್ರಕಾರ ಅಲ್ಲಿ ‘ಎಂತ ಇಲ್ಲೆ’! ಅವರ ಸಂಪುಟದಲ್ಲಿ ಇಲ್ಕಾ ಅವನಿಗೆ ಗುಂಡು ಹೊಡೆಯುತ್ತಾಳೆ.

“ನಿಮ್ಮ ಪುಟಗಳಲ್ಲಿ ಇಲ್ಕಾ ಅವನನ್ನು ನೋಡಿ ನಾಚುತ್ತಾಳೆ. ನನ್ನ ಎರಡನೇ ಅಧ್ಯಾಯದಲ್ಲಿ ಕೊಲ್ಲುತ್ತಾಳೆ. ಮಧ್ಯೆ ಏನಾಯಿತು ಅಂತ ಓದುಗರಿಗೆ ನಾನು ಏನು ಹೇಳಲಿ?”

“ಮದುವೆ ಆಗಿರಬಹುದು” ಎಂದೆ.

ಅಲ್ಲಿಗೆ ಪುಸ್ತಕದ ಕನ್ನಡ ಮುಗಿಯಿತು. “ಹ್ವಾಯ್, ಎಂತ ತಮಾಷಿ ಮಾಡ್ತ್ರಿ? ಮಾವನ ಗಾಳಿ ಬಂದ್ ಮಾಡಿ ಕೊಲ್ಲುಕ್ ಹೊರಟವ್ನಿಗೆ ನೀವ್ ಶೀತದ ಕತಿ ಕಟ್ಟಿದ್ರಿ! ಅವ ನಿಮಗೆ ಸಂಬಂಧದಂಗ್ ಎಂತ ಆಯ್ಕ್?”

ಅಳಿಯ ಕಟ್ಟಿನ ಬಗ್ಗೆ ಅವರಿಗೆ ವಿವರಿಸಿದೆ. ಅಕ್ಕನ ಮಗ ಹಕ್ಕುದಾರ, ಮಗನೇ ನಡುವೆ ಬಂದವನು. ಅವರು ಪೂರ್ತಿ ಕೇಳಿಸಿಕೊಂಡರು. “ಹಕ್ಕ್ ಇಪ್ಪುಕೂ ಸಾಕ್, ಇರ್ಲಿ. ಗಾಳಿ ನಿಲ್ಸಿದ್ದ್ ನಿಲ್ಸಿದ್ದೇ ಅಲ್ದಾ?” ಎಂದು ಫೋನ್ ಇಟ್ಟರು.

ಆಮೇಲೆ ಪದ್ದುವಿನ ಫೋನ್. ಆಗಸ್ಟ್ ಮೊದಲ ವಾರದೊಳಗೆ ಸರಿ ಮಾಡಿಕೊಡದಿದ್ದರೆ ನನ್ನ ಹೆಸರು ತೆಗೆದು ದೀಕ್ಷಿತಾರ ಹೆಸರಿನಲ್ಲೇ ಎರಡನ್ನೂ ತರುತ್ತಾನಂತೆ.

ಮಾಡುವುದಿಲ್ಲ ಎಂದೆ. ನನಗೂ ಒಂದು ಸಿದ್ಧಾಂತ ಇದೆ.

ಜುಲೈ 26, ಶನಿವಾರ

ಏನೂ ಬರೆಯಲಿಲ್ಲ. ಮಳೆ.

ಜುಲೈ 30, ಬುಧವಾರ

ಒತ್ತಿದೆ. ನಾನೇ ಒತ್ತಿದೆ.

ಬೆಳಿಗ್ಗೆ ಪೂಜೆಗೆ ಬೋಟಿನವರೆಲ್ಲ ಬಂದಿದ್ದರು. ನಾಡಿದ್ದು ಶುಕ್ರವಾರ ಬೋಟುಗಳು ಇಳಿಯುತ್ತವೆ, ಎಲ್ಲರಿಗೂ ನಾಳೆ ಸಂಜೆಗೆ ಐಸ್ ಬೇಕು. ಭಟ್ಟರು ಮಂಗಳಾರತಿ ಎತ್ತಿದ ಮೇಲೆ ಮಾವ ಕೆಮ್ಮಿ ಗಂಟಲು ಸರಿ ಮಾಡಿಕೊಂಡು, “ದರ್ಶನ, ನೀ ಹೇಳ್” ಎಂದರು.

ದರ್ಶನ್ ಹೇಳಿದ: “ನಾನ್ ಮುಂದಿನ ವಾರ ಮುಂಬೈಗ್ ವಾಪಾಸ್ ಹೋತೆ. ನಂಗೆ ಹೋಟ್ಲೇ ಸಮ. ಪ್ಲಾಂಟ್ ಭಾವಂದೇ. ಅಪ್ಪಯ್ಯನಿಗೆ ನಾನೇ ಹೇಳದ್ದ್. ಭಾವ ಆ ಸೋರು ಮಾಡಿನಡಿ ಎಷ್ಟ್ ವರ್ಷ ಮಳಿಗ್ ಚಂಡಿ ಆದ್ರ್. ಅವ್ರ ಕೈಗ್ ಕೊಡುಕ್ ಮೊದ್ಲ್ ಮಾಡಿನ ಶೀಟಾರೂ ಸಮ ಮಾಡ್ವ ಅಂದೇಳಿ ಬಂದದ್ದ್.”

ಎಲ್ಲರೂ ಹೌದೆಂದು ತಲೆಯಾಡಿಸಿದರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಮಾವ ನನ್ನ ಕೈ ಹಿಡಿದು ಸ್ವಿಚ್ಚಿನ ಹತ್ತಿರ ಒಯ್ದರು.

ಬೆರಳು ಸ್ವಿಚ್ಚಿನ ಮೇಲೆ ಇಟ್ಟಾಗ ಉಪ್ಪಿನ ನೆನಪು ಬಂತು. ಹೇಳಬೇಕು ಅನಿಸಿತು. ಆದರೆ ಎಲ್ಲರೂ ಕೈ ಮುಗಿದು ನಿಂತಿದ್ದಾರೆ, ಕರ್ಪೂರ ಉರಿಯುತ್ತಿದೆ, ಆಗ ಟ್ಯಾಂಕು ಕೆಟ್ಟಿದೆ ಎಂದರೆ ಹೇಗೆ? ಎಲ್ಲರೂ ಹೋದ ಮೇಲೆ ಮೆಲ್ಲ ಕುಂದಾಪುರದಿಂದ ಉಪ್ಪು ತರಿಸಿ ಸುರಿದರಾಯಿತು ಎಂದುಕೊಂಡೆ.

ಎಲ್ಲರೂ ಹೋಗಲಿಲ್ಲ. ಕೈ ಕುಲುಕುವವರು, ಹಾರ ಹಾಕುವವರು, ಊಟ, ಸಂಜೆಯ ಚಾ. ಮಾತಾಡಲು ಹೇಳಿದರು, ಸ್ವಲ್ಪ ಉದ್ದ ಮಾತಾಡಿದೆ. ಮಾತು ಮುಗಿಯುವ ಹೊತ್ತಿಗೆ ಅಂಗಡಿಗಳು ಮುಚ್ಚಿದ್ದವು.

ಜುಲೈ 31, ಗುರುವಾರ

ಐಸ್ ಆಗಲಿಲ್ಲ.

ಡಬ್ಬ ಎತ್ತಿದರೆ ಗಂಜಿಯ ತಿಳಿಯಂಥ ನೀರು. ಲಾರಿಗಳು ಗೇಟಿನ ಹೊರಗೆ ಸಾಲು ನಿಂತಿದ್ದವು. ಮಾವ ಟ್ಯಾಂಕಿನ ಹಲಗೆ ಎತ್ತಿ ನೋಡಿದರು, ಪೈಪಿನ ಸುತ್ತ ಬೆಳ್ಳಗೆ ಹೆಪ್ಪು. ಅವರಿಗೆ ಗೊತ್ತಾಗದೆ ಇರುತ್ತದೆಯೆ? “ಉಪ್ಪ್ ಯಾರೂ ಕಾಣ್ಲಿಲ್ಯಾ?” ಎಂದು ಕೇಳಿದರು.

ಬಾಯಿ ತೆರೆದೆ. ನನಗಿಂತ ಮೊದಲು ದರ್ಶನ್ ಮಾತಾಡಿದ.

“ನಂದೇ ತಪ್ಪ್ ಅಪ್ಪಯ್ಯ. ಮಾಡ್ ಬಿಚ್ಚಿ ಮಳಿನೀರ್ ಬಿಟ್ಟದ್ದ್ ನಾನ್. ಭಾವ ಹೇಳಿರ್ತ್ರ್, ನಾನೇ ಮರ್ತಿದ್ದೆ ಕಾಣತ್.”

ಮೊಬೈಲ್ ತೆಗೆದು ನಾನು ಹೇಳಿದ್ದನ್ನೆಲ್ಲ ಮತ್ತೆ ಮತ್ತೆ ಓದುತ್ತಿದ್ದ. ಬೆಲ್ಟ್, ವಾಷರು, ಡಬ್ಬ, ಪಂಪು, ಹಲಗೆ. ಉಪ್ಪು ಎಲ್ಲಿ ತಪ್ಪಿಹೋಯಿತೆಂದು ಹುಡುಕುತ್ತಿದ್ದ. ಅವನಿಗೆ ನನ್ನ ಮೇಲೆ ಸಂಶಯವೇ ಇಲ್ಲ! ಸಂಶಯಪಟ್ಟಿದ್ದರೆ ನಾನೂ ಎರಡು ಮಾತು ಜೋರಾಗಿ ಆಡಬಹುದಿತ್ತು.

ಮಾವ ಅವನಿಗೆ ಎಲ್ಲರ ಎದುರು ಬೈದರು. ಇಷ್ಟು ವಯಸ್ಸಾದ ಮಗನಿಗೆ ಹಾಗೆ ಬೈಯಬಾರದು. ಅವನು ತಲೆ ತಗ್ಗಿಸಿ ನಿಂತ. ನಾನು ಟ್ಯಾಂಕಿನ ಹಲಗೆ ಸರಿಯಾಗಿ ಮುಚ್ಚಿದೆ.

ಆಗಸ್ಟ್ 1, ಶುಕ್ರವಾರ

ಉಪ್ಪು ತಂದು ಸುರಿದು ಕಲಸಿದೆವು, ದರ್ಶನ್ ಮತ್ತು ನಾನು. ಅವನ ಅಂಗೈ ಸುಲಿದಿದೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತವನ ಕೈ. ಮಾವ ಬೇರೆ ಪ್ಲಾಂಟುಗಳ ಕೈಕಾಲು ಹಿಡಿದು ಬೋಟಿನವರಿಗೆ ಐಸ್ ಕೊಡಿಸಿದರು. ಅಷ್ಟಾಗಿಯೂ ಕೆಲವು ಬೋಟು ಇಂದು ಇಳಿಯಲಿಲ್ಲ. ಯಜಮಾನ ನಾನಂತೆ.

ಆಗಸ್ಟ್ 2, ಶನಿವಾರ

ಐಸ್ ಬಂತು. ಗಾಜಿನಂಥ ಗಡ್ಡೆ.

ಮಧ್ಯಾಹ್ನ ಕೂತು ಆ ಗಾಳಿಯ ಪುಟವನ್ನು ಮತ್ತೆ ತೆಗೆದೆ. ಪದ್ದುವಿನ ಬೆದರಿಕೆಗಾಗಿ ಅಲ್ಲ. ಮೂಲಕ್ಕೆ ನಿಷ್ಠೆ ಇರಬೇಕಲ್ಲ, ಅದಕ್ಕೆ. ಶೀತದ ವಾಕ್ಯವನ್ನು ಹೊಡೆದು ಹಾಕಿದೆ. ‘ವೆಸ್ರೋ ಮಾವನ ಕೋಣೆಯ ಗಾಳಿಯನ್ನು ನಿಲ್ಲಿಸಿದ’ ಎಂದು ಬರೆದೆ. ಸಾಲದು ಅನಿಸಿತು. ‘ತಿಳಿದೇ ನಿಲ್ಲಿಸಿದ’ ಎಂದು ಸೇರಿಸಿದೆ. ‘ತಿಳಿದೇ’ ಎಂಬ ಮಾತು ಮೂಲದಲ್ಲಿ ಇಲ್ಲ. ಇರಲಿ, ಅನುವಾದಕನಿಗೆ ಅಷ್ಟು ಸ್ವಾತಂತ್ರ್ಯ ಉಂಟು.

ತಾಮಿರ್‌ನ ‘ಬರೋಬರ್’ಗಳನ್ನೂ ತೆಗೆದೆ. ಓದುತ್ತಾ ಹೋದರೆ ಅವನೇನೂ ಕೆಟ್ಟವನಲ್ಲ. ಇಷ್ಟು ದಿನ ನಾನು ಅವನ ಮಾತನ್ನು ಗಮನವಿಟ್ಟು ಓದಿರಲಿಲ್ಲ.

ಆಗಸ್ಟ್ 3, ಭಾನುವಾರ

ಮಾವ ಮತ್ತು ದರ್ಶನ್ ಊಟಕ್ಕೆ ಬಂದಿದ್ದಾರೆ. ದರ್ಶನ್ ನಾಳೆಯ ರೈಲಿಗೆ ಹೊರಡುತ್ತಾನೆ. ಅಪ್ಪ ಮಗನ ನಡುವೆ ಇನ್ನೂ ಮಾತು ಸರಿಯಾಗಿಲ್ಲ. ಮಾವ ಚಾವಡಿಯಲ್ಲಿ, ಅವನು ಅಂಗಳದ ಕಟ್ಟೆಯ ಮೇಲೆ.

ನಾನು ಒಳಗೆ ಕೂತು ಅಮ್ಮನಿಗೆ ಆ ಪುಟವನ್ನು ಓದಿ ಹೇಳಿದೆ. ಯಾಕೆ ಓದಿದೆನೋ ಗೊತ್ತಿಲ್ಲ. ಆಕಾಶದ ಹಡಗಿನಲ್ಲಿ ಅಮ್ಮನಿಗೆ ಏನು ಆಸಕ್ತಿ? ಆದರೆ ಮೀನು ಕೊಯ್ಯುವುದನ್ನು ನಿಲ್ಲಿಸಿ ಕೇಳಿದರು.

“ಮತ್ತೆ? ಅವ ಮಾವನ ಹತ್ರ ಹೇಳ್ದ್ನಾ?”

“ಎಂತದ್?”

“ಗಾಳಿ ನಿಲ್ಸಿದ್ದ್ ನಾನೇ ಅಂದೇಳಿ.”

“ಈ ಪುಸ್ತ್ಕದಂಗ್ ಇಲ್ಲೆ ಅಮ್ಮ. ಹೇಳುದಿದ್ರೆ ಮೂರ್ನೇದ್ರಂಗೆ. ಅದ್ ನಂದಲ್ಲ, ಬೈಂದೂರಿನ ಒಬ್ರ್ ಮಾಡುದ್.”

ಅಮ್ಮ ಕತ್ತಿಯನ್ನು ತೊಳೆದು ಇಟ್ಟರು. ನನ್ನ ಮುಖ ನೋಡಲಿಲ್ಲ.

“ಮೂರ್ನೇದಕ್ಕ್ ಎಂತಕೆ ಕಾಯ್ಕ್ ಮಗಾ? ಮಾವ ಇಲ್ಲೇ ಚಾವ್ಡಿಯಂಗೆ ಕೂಕಂಡಿದ್ದ.”

ಇಷ್ಟು ಬರೆದೆ. ಹೊರಗೆ ಬಾಳೆಲೆ ಹಾಕುವ ಸದ್ದು ಕೇಳುತ್ತಿದೆ. ಉಪ್ಪಿನ ವಿಷಯ ಊಟಕ್ಕೆ ಮೊದಲೇ ಮಾವನಿಗೆ ಹೇಳಬೇಕು, ಆಗ ದರ್ಶನ್‌ಗೆ ನೆಮ್ಮದಿಯಿಂದ ಉಣ್ಣಲು ಆಗುತ್ತದೆ. ಅಂಗಿ ಎಲ್ಲಿಟ್ಟೆನೋ.